ಕೊಟ್ಟಾತು, ಬರದಾತು

ಹೋದ ವಾರ ನಮ್ಮ ಕಂಪ್ಯೂಟರ್ ಕೋಣೆಯ ಹಳೆಯ ಸರ್ವರ್ ಯಂತ್ರವನ್ನು ಗುಜರಿಗೆ ಕೊಟ್ಟರು. ಅದನ್ನಿಟ್ಟಿದ್ದ ಕಬ್ಬಿಣದ ಕಪಾಟನ್ನು ಇಬ್ಬರು ಸೇರಿ ಗೋಡೆಯಿಂದ ಈಚೆಗೆ ಎಳೆದಾಗ, ಹಿಂದುಗಡೆ ವೈರುಗಳ ಗೋಜಲಿನ ನಡುವೆ ಅಂಗೈಯಗಲದ ಒಂದು ತಗಡಿನ ಡಬ್ಬಿ ಕಂಡಿತು. ಮುಚ್ಚಳದ ಬಣ್ಣ ಅರ್ಧ ಉದುರಿತ್ತು. ಗುಜರಿಯವನು ಅದನ್ನೂ ಚೀಲಕ್ಕೆ ಎಸೆಯುವವನಿದ್ದ, ನಾನು ಅವನ ಕೈಯಿಂದ ಕಸಿದುಕೊಂಡೆ ಎಂದೇ ಹೇಳಬೇಕು. ಮುಚ್ಚಳ ತುಸು ಎತ್ತಿದೆನೋ ಇಲ್ಲವೋ, ವಿಭೂತಿಯ ವಾಸನೆ ಬಂತು. ಒಣ ವಾಸನೆ, ಮೂಗಿನ ತುದಿಗೆ ತಾಗಿ ಅಲ್ಲೇ ನಿಲ್ಲುವಂಥದು... ಜನರೆದುರು ಕಣ್ಣೀರು ಬಂದರೆ ಹೇಗೆ ಎಂದು ಪಟ್ಟನೆ ಮುಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಏಳು ವರ್ಷದಿಂದ ಅದು ನನ್ನ ಕುರ್ಚಿಯಿಂದ ನಾಲ್ಕು ಮೊಳ ದೂರದಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಅದು ಅಕ್ಕೋರ ಡಬ್ಬಿ.

ನಮ್ಮ ಕಡೆ ಕನ್ನಡ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಸಾಲಿಯಲ್ಲಿ ಕಲಿಸಿದವರಲ್ಲ. ನಮ್ಮ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು. ಆದರೂ ಕಾಟಾದ ಮೇಲೆ ಗಾಡಿ ತೂಗುವವನಿಂದ ಹಿಡಿದು ಮ್ಯಾನೇಜರ್ ಸಾಹೇಬರವರೆಗೆ ಎಲ್ಲರೂ ಅವರಿಗೆ ಅಕ್ಕೋರು ಎಂದೇ ಅನ್ನುತ್ತಿದ್ದರು. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆ ಒಂದಲ್ಲ ಎರಡಲ್ಲ, ನಮ್ಮದು ಯಾವುದು ಎಂದು ಹೇಳುವುದು ಬೇಡ. ಅಲ್ಲಿ ಇನ್ನೂ ನನ್ನ ಹೊಟ್ಟೆಪಾಡು ಇದೆ.

ನಾನು ಅಲ್ಲಿ ಸೇರಿದಾಗ ಮೂವತ್ತು ದಾಟಿತ್ತು. ಜಮಖಂಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಗಲಗಲಿಗೆ ಹೋಗಿ, ಮಗಳು ಸಾಲಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಸಿಕ್ಕ ಮೊದಲ ಕೆಲಸ. ನನ್ನದು ಹುಟ್ಟಿನಿಂದಲೂ ಗಡಿಬಿಡಿ ಸ್ವಭಾವ. ಊಟಕ್ಕೆ ಕೂತರೆ ಏಳುವ ಅವಸರ, ಎದ್ದರೆ ಬಸ್ಸಿನ ಅವಸರ. ಅಕ್ಕೋರು ಇದಕ್ಕೆ ತದ್ವಿರುದ್ಧ. ಐವತ್ತರ ಹತ್ತಿರದವರು, ಸಣಕಲು ಮೈ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಒಂದು ಬಟನ್ ಒತ್ತುವ ಮುಂಚೆ ಮೂರು ಸಲ ಓದುತ್ತಿದ್ದರು. ಮೊದಲ ತಿಂಗಳು ಅವರ ಪಕ್ಕದಲ್ಲಿ ಕೂತು ನನಗೆ ಆಕಳಿಕೆ ಬರುತ್ತಿತ್ತು. ಈ ಮುದುಕಿಗೆ ಏನು ಬರುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ಉಂಟು.

ಅವರು ರಬಕವಿಯ ನೇಕಾರರ ಮನೆಯವರು. ಅಪ್ಪನದು ಕೈಮಗ್ಗ, ತಮ್ಮನ ಕಾಲಕ್ಕೆ ನಾಲ್ಕು ಪವರ್‌ಲೂಮು ಬಂದವು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು, ತವರಿಗೆ ಮರಳಿ, ಮಗ್ಗದ ಕೆಲಸ ಮಾಡುತ್ತಲೇ ಓದಿದವರು. ಬನಹಟ್ಟಿಯಲ್ಲಿ ಯಾರದೋ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತು, ಅಲ್ಲೇ ಕಲಿಸಿ, ಆಮೇಲೆ ನಮ್ಮ ಕಾರ್ಖಾನೆಗೆ ಬಂದರಂತೆ. ನಾನು ಸೇರುವ ಹೊತ್ತಿಗೆ ಅವರು ಬಂದು ಹತ್ತು ವರ್ಷ ಮೀರಿತ್ತು. ಆದರೂ ಅವರು ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುಂಚೆ ಹೊಸ ಚೀಟಿ ಕೊಡುತ್ತಿದ್ದರು, ಮುಗಿದ ಮೇಲೆ ಇನ್ನೊಂದು ಚೀಟಿ. ಕಾಯಂ ನೌಕರರ ಪಟ್ಟಿಯಲ್ಲಿ ಅವರ ಹೆಸರು ಬರೆದಿರಲಿಲ್ಲ.

ಕಾಯಂ ಆಗಬೇಕೆಂಬ ಆಸೆ ಅವರಿಗೆ ಸಂಬಳಕ್ಕಲ್ಲ, ಒಂದು ಮನೆಗಾಗಿ ಇತ್ತು. ಕಾರ್ಖಾನೆಯ ಹಿಂದೆ ನೌಕರರ ಕ್ವಾರ್ಟರ್ಸ್ ಇವೆ, ಎರಡೆರಡು ಖೋಲಿಯವು. ಕಾಯಂ ಇದ್ದವರಿಗೆ ಮಾತ್ರ. ಅದರಲ್ಲಿ ಕೊನೆಯ ಸಾಲಿನ ಬೇವಿನ ಗಿಡದ ಮನೆ ಖಾಲಿ ಇತ್ತು. ಊಟದ ಹೊತ್ತಿನಲ್ಲಿ ನಾವಿಬ್ಬರೂ ಬುತ್ತಿ ತೆಗೆದುಕೊಂಡು ಆ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಒಮ್ಮೆ ಅಕ್ಕೋರು ಎದ್ದು ಕಿಡಕಿಗೆ ಗೇಣು ಹಾಕಿ ಅಳೆದರು. "ತಮ್ಮನ ಮನ್ಯಾಗ ಯಾರೂ ಏನೂ ಅನ್ನೂದಿಲ್ಲ ತಂಗಿ. ಆದ್ರ ನನ್ನ ಕೈಯಾಗ ಒಂದು ಕೀಲಿ ಅಂತ ಇಲ್ಲ ನೋಡು," ಅಂದರು. ಮುಂದಿನ ವಾರ ತಮ್ಮನ ಮಗ್ಗದಿಂದ ನೀಲಿ ಗೆರೆಯ ಬಟ್ಟೆ ತಂದು, ಆ ಅಳತೆಗೆ ಪಡದೆ ಹೊಲಿದು, ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು. ಮನೆಯೇ ಸಿಕ್ಕಿಲ್ಲ, ಪಡದೆ ಆಗಲೇ ಸಿದ್ಧವಾಯಿತೇನ್ರಿ ಎಂದು ನಾನು ಚೇಷ್ಟೆ ಮಾಡಿದ್ದೆ. ಅವರು ನಕ್ಕಿದ್ದರು.

ಈಗ ನಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕೋಣೆಯಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ ದೊಡ್ಡ ಯಂತ್ರ. ಅದರ ಹೊಟ್ಟೆಯಲ್ಲಿ ಐದು ಯಂತ್ರಗಳು ಓಡುತ್ತಿದ್ದವು. ವರ್ಚುವಲ್ ಮಷೀನು ಅನ್ನುತ್ತಾರೆ. ಮುಟ್ಟಲು ಬರುವುದಿಲ್ಲ, ಆದರೆ ಪ್ರತಿಯೊಂದೂ ತಾನೇ ಒಂದು ಪೂರ್ತಿ ಕಂಪ್ಯೂಟರು ಎಂದು ತಿಳಿದು ಕೆಲಸ ಮಾಡುತ್ತದೆ. ನಾವು ಒಳಮಷೀನು ಅನ್ನುತ್ತಿದ್ದೆವು. ಒಂದು ಕಾಟಾದ್ದು, ಅಂದರೆ ಕಬ್ಬಿನ ಗಾಡಿ ತೂಗುವ ಕಟ್ಟೆಯದು. ಒಂದು ಯಾರ ಹೊಲದ ಕಬ್ಬು ಯಾವಾಗ ಕಡಿಯಬೇಕು ಎಂಬ ಸರದಿಯದು. ಉಳಿದವು ಲ್ಯಾಬು, ಸ್ಟೋರು, ಆಫೀಸಿನವು. ಹಂಗಾಮು ಶುರುವಾದರೆ ಕಾಟಾದ ಒಳಮಷೀನು ನಿಲ್ಲುವಂತಿಲ್ಲ. ಅದು ಹತ್ತು ನಿಮಿಷ ನಿಂತರೆ ಟ್ರ್ಯಾಕ್ಟರುಗಳ ಸಾಲು ಮುಖ್ಯ ರಸ್ತೆ ಮುಟ್ಟುತ್ತದೆ, ಹಾರ್ನಿನ ಗದ್ದಲಕ್ಕೆ ಕಿವಿ ಕಿತ್ತುಹೋಗುತ್ತದೆ.

ಆದ್ದರಿಂದ ಅದಕ್ಕೆ ಏನೇ ಬೇಕಾದರೂ ಓಡುತ್ತಿರುವಾಗಲೇ ಕೊಡಬೇಕು. ನೆನಪಿನ ಜಾಗ ಕಡಿಮೆಯಾಯಿತೇ, ಓಡುತ್ತಿರುವಾಗಲೇ ಹೆಚ್ಚಿಸಬೇಕು. ಪ್ರೊಸೆಸರು ಸಾಲದೇ, ಇನ್ನೊಂದನ್ನು ಸೇರಿಸಬೇಕು. ಡಿಸ್ಕು ತುಂಬಿತೇ, ಎರಡನೆಯದನ್ನು ಜೋಡಿಸಬೇಕು. ಹೊರಗೆ ಕೂತು ತೂಗುವವನಿಗೆ ಏನೂ ಗೊತ್ತಾಗಬಾರದು. ಇದನ್ನು ಅಕ್ಕೋರು ಮಾಡುವುದನ್ನು ನೋಡಿದ ದಿನ ನನ್ನ ಆಕಳಿಕೆ ನಿಂತಿತು.

ಅವರು ಮೊದಲು ಆ ತಗಡಿನ ಡಬ್ಬಿ ತೆಗೆಯುತ್ತಿದ್ದರು. ಒಂದು ಚಿಟಿಕೆ ವಿಭೂತಿ ಹಣೆಗೆ, ಉಳಿದದ್ದನ್ನು ಹೆಬ್ಬೆರಳು ತೋರುಬೆರಳಿಗೆ ಸವರಿಕೊಂಡು ಕೀಬೋರ್ಡ್ ಮುಟ್ಟುತ್ತಿದ್ದರು. ನಮ್ಮ ಕೀಬೋರ್ಡಿನ ಎಂಟರ್ ಬಟನ್ ಯಾವಾಗಲೂ ಬೆಳ್ಳಗೆ ಇರುತ್ತಿತ್ತು. ಇದೇನ್ರಿ, ಕಂಪ್ಯೂಟರಿಗೂ ಲಿಂಗಪೂಜಿಯೇನ್ರಿ ಎಂದು ಮ್ಯಾನೇಜರ್ ಸಾಹೇಬರು ನಗುತ್ತಿದ್ದರು. ಹಣೆಯದು ದೇವರಿಗೆ, ಬೆರಳಿನದು ಮಗ್ಗದ ರೂಢಿ ಎಂದು ಅಕ್ಕೋರು ನನಗೆ ಮಾತ್ರ ಹೇಳಿದ್ದರು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ನೇಯ್ದು ತೆಗೆಯುವುದಿಲ್ಲವಂತೆ. ಗೇಣುದ್ದ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ, ಬಹಳಮಟ್ಟಿಗೆ ಹೆಣ್ಣುಮಕ್ಕಳ ಕೆಲಸ. ಸಾವಿರಾರು ಎಳೆ. ಕೆಚ್ಚಿ ಮುಗಿದ ಮೇಲೆ ಮೆಲ್ಲಗೆ ಎಳೆದರೆ ಹೊಸ ಹಾಸು ತಾನೇ ಒಳಗೆ ಬರುತ್ತದೆ, ಮಗ್ಗವನ್ನು ಬಿಚ್ಚಿ ಮತ್ತೆ ಎಳೆ ಪೋಣಿಸುವ ಕೆಲಸವಿಲ್ಲ. ಎಂಟನೆಯ ವಯಸ್ಸಿನಿಂದ ಅಕ್ಕೋರು ಕೆಚ್ಚಿದವರು.

ಅವರಿಗೆ ಎರಡು ನೇಮ ಇದ್ದವು. ಮೊದಲನೆಯದು, ಕೊಟ್ಟರೆ ಮುಗಿಯಲಿಲ್ಲ, ಒಳಗಿನವರು ತೆಗೆದುಕೊಂಡರೋ ಇಲ್ಲವೋ ನೋಡಬೇಕು. ಹೊರಗಿನಿಂದ ನಾವು ಡಿಸ್ಕು ಜೋಡಿಸಿದರೂ ಒಳಮಷೀನು ಅದನ್ನು ಗುರುತಿಸಿ ಬಳಸಲು ಶುರು ಮಾಡದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ತೆಗೆಯುವಾಗಲೂ ಅಷ್ಟೇ, ಮೊದಲು ಒಳಗಿನಿಂದ ಬಿಡಿಸಿ ಆಮೇಲೆ ಹೊರಗಿನಿಂದ ತೆಗೆಯಬೇಕು. ಎರಡನೆಯದು, ಬರೆಯಬೇಕು. ಓಡುತ್ತಿರುವ ಒಳಮಷೀನಿಗೆ ಕೊಟ್ಟದ್ದು ಅದು ಓಡುವ ತನಕ ಮಾತ್ರ. ಯಾವತ್ತೋ ಒಂದು ದಿನ ಅದನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದರೆ, ಅದು ತನಗೆ ಏನೇನು ಸೇರಿದೆ ಎಂದು ಯಂತ್ರದಲ್ಲೇ ಬರೆದಿಟ್ಟ ಫೈಲನ್ನು ಓದಿಕೊಂಡು ಏಳುತ್ತದೆ. ಫೈಲಿನಲ್ಲಿ ಬರೆದಿರದಿದ್ದರೆ ನಡುವೆ ಕೊಟ್ಟದ್ದು ಯಾವುದೂ ಅದಕ್ಕೆ ನೆನಪಿರುವುದಿಲ್ಲ.

ಇದಕ್ಕಾಗಿ ಅಕ್ಕೋರು ಒಂದು ನೂರು ಹಾಳೆಯ ನೋಟ್‌ಬುಕ್ ಇಟ್ಟಿದ್ದರು. ಪ್ರತಿ ಪುಟಕ್ಕೂ ಗೆರೆ ಎಳೆದು, ಎಡಗಡೆ ಏನು ಸೇರಿಸಿದ್ದು ಎಂಬ ವಿವರ, ಬಲಗಡೆ ಎರಡು ಸಣ್ಣ ಮನೆಗಳು. ಒಂದರ ಮೇಲೆ 'ಕೊಟ್ಟಾತು', ಇನ್ನೊಂದರ ಮೇಲೆ 'ಬರದಾತು', ಅಂದರೆ ಫೈಲಿನಲ್ಲಿ ಬರೆದಾಯಿತು. ಎರಡರಲ್ಲೂ ಟಿಕ್ ಬಿದ್ದರೆ ಕೆಲಸ ಮುಗಿದಂತೆ. ಟಿಕ್ ಇದ್ದರೆ ಅಕ್ಕೋರಿಗೆ ಅದು ಆಣೆ ಇದ್ದ ಹಾಗೆ, ಮತ್ತೆ ಪರೀಕ್ಷಿಸುತ್ತಿರಲಿಲ್ಲ.

ನಾನು ಸೇರಿದ ಮರುವರ್ಷ, ಭೋಗಿಯ ದಿನ. ಮಾರನೆಯ ದಿನ ಸಂಕ್ರಮಣ. ಗಲಗಲಿಯಲ್ಲಿ ನಮ್ಮ ಮನೆ ಹೊಳೆಯ ದಂಡೆಯ ಮೇಲೆ, ಸ್ನಾನಕ್ಕೆ ಬರುವ ಬಂಧುಗಳಿಗೆಲ್ಲ ನಮ್ಮದೇ ಮನೆ ಬೀಡು. ಅತ್ತೆ ಬೆಳಿಗ್ಗೆಯೇ ಫೋನು ಮಾಡಿ, ಸಜ್ಜಿ ರೊಟ್ಟಿ ಬಡಿಯಲು ನಾನೊಬ್ಬಳೇ ಸಾಯಬೇಕೇನು ಎಂದು ಕೇಳಿದ್ದರು. ಸಂಜೆ ನಾಲ್ಕಕ್ಕೆ ಬೀಳಗಿಯ ಬಸ್ಸು. ಅದು ತಪ್ಪಿದರೆ ಗಲಗಲಿ ಮುಟ್ಟುವುದು ಕಷ್ಟ. ಸರಿಯಾಗಿ ಆ ದಿನ ಮಧ್ಯಾಹ್ನ ಕಾಟಾದ ಒಳಮಷೀನಿನ ಡಿಸ್ಕು ತುಂಬುತ್ತ ಬಂತು. ಅಕ್ಕೋರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಕೂತರು. ಹೊಸ ಡಿಸ್ಕು ಜೋಡಿಸಿದೆವು, ಒಳಗೆ ಹೋಗಿ ಅದು ಕಂಡದ್ದನ್ನು ನೋಡಿದೆವು, ತೂಕದ ವಿವರವೆಲ್ಲ ಅದರ ಮೇಲೆ ಬೀಳುವ ಹಾಗೆ ಮಾಡಿದೆವು. ಕೊಟ್ಟಾತು.

ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರ ಕೋಣೆಯಿಂದ ಅಕ್ಕೋರಿಗೆ ಕರೆ ಬಂತು. ಅವರನ್ನು ಕಾಯಂ ಮಾಡುವ ಕಡತ ಕೊನೆಗೂ ಮೇಲಕ್ಕೆ ಹೋಗುತ್ತಿದೆ, ಅರ್ಜಿ ತುಂಬಿ ಸಹಿ ಮಾಡಬೇಕು ಎಂದು. ಅಕ್ಕೋರ ಮುಖ ಖುಷಿಗೆ ಕೆಂಪಾಯಿತು. ಸೆರಗು ಸರಿಮಾಡಿಕೊಂಡು, "ಬರಿಯೂದೊಂದು ಉಳದೈತಿ. ನೀನ ಬರದು ಟಿಕ್ ಹಾಕಿ ಹೋಗು ಬೇ, ಇಲ್ಲಂದ್ರ ಬಸ್ ತಪ್ಪತೈತಿ," ಅಂದು ಹೊರಟರು.

ಫೈಲಿನಲ್ಲಿ ಒಂದೇ ಸಾಲು ಬರೆಯುವ ಕೆಲಸ, ಎರಡು ನಿಮಿಷದ್ದು. ನಾನು ಗಡಿಯಾರ ನೋಡಿದೆ, ಮೂರೂ ಮುಕ್ಕಾಲು. ನೋಟ್‌ಬುಕ್ಕಿನ ಎರಡನೆಯ ಮನೆಯಲ್ಲಿ ಟಿಕ್ ಹಾಕಿದೆ, ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡೆ, ಓಡಿದೆ. ಬರೆಯಲಿಲ್ಲ. ಬೀಳಗಿಯ ಬಸ್ ಸ್ಟ್ಯಾಂಡಿನಲ್ಲಿ ಕಬ್ಬು, ಕಡಲೆಗಿಡ ಕೊಳ್ಳುವವರ ನೂಕುನುಗ್ಗಲಲ್ಲಿ ನಿಂತಾಗ ಅದು ನೆನಪಾಯಿತು. ಹಬ್ಬ ಮುಗಿಸಿ ಕೆಲಸಕ್ಕೆ ಹೋದ ಮೇಲೆ ಬರೆದರಾಯಿತು, ಎಲ್ಲಿ ಓಡಿಹೋಗುತ್ತದೆ ಅಂದುಕೊಂಡೆ. ಹಬ್ಬ ಮುಗಿಸಿಕೊಂಡು ಬರುವಾಗ ಅತ್ತೆ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ನೆನಪಿತ್ತು, ಅಕ್ಕೋರಿಗೆ ಎರಡು ತೆಗೆದಿಟ್ಟದ್ದು ನೆನಪಿತ್ತು. ಇದೊಂದು ಮರೆತುಹೋಯಿತು.

ಆ ಒಳಮಷೀನು ಹಂಗಾಮು ಮುಗಿಯುವ ತನಕ ಓಡಿತು. ಬೇಸಿಗೆ, ಮಳೆಗಾಲ ಪೂರ್ತಿ ಓಡಿತು. ಹೊಸ ಹಂಗಾಮಿನ ನೋಂದಣಿಯೂ ಅದೇ ಡಿಸ್ಕಿನ ಮೇಲೆ ಬಿತ್ತು. ಹಂಗಾಮಿನ ಪೂಜೆಯ ಹಿಂದಿನ ದಿನ ಎಲೆಕ್ಟ್ರಿಕಲ್ ಖಾತೆಯವರು ವೈರಿಂಗ್ ಬದಲಿಸಬೇಕೆಂದು ನಮ್ಮ ಕೋಣೆಯನ್ನು ಪೂರ್ತಿ ಬಂದ್ ಮಾಡಿಸಿದರು. ಮೊದಲ ಸಲ ದೊಡ್ಡ ಯಂತ್ರ, ಒಳಗಿನ ಐದೂ ಯಂತ್ರ, ಎಲ್ಲ ನಿಂತವು.

ಪೂಜೆಯ ದಿನ ಬೆಳಿಗ್ಗೆ ಅಕ್ಕೋರು ಬದನೆಕಾಯಿ ಬಣ್ಣದ ಹೊಸ ಸೀರೆ ಉಟ್ಟು ಬಂದಿದ್ದರು, ತಮ್ಮನೇ ನೇಯ್ದದ್ದು. ಪೂಜೆಯಾದ ಮೇಲೆ ಎಲ್ಲರೆದುರು ಅವರಿಗೆ ಕಾಯಂ ಆದೇಶ ಕೊಡುವುದೆಂದೂ, ಜೊತೆಗೆ ಬೇವಿನ ಗಿಡದ ಮನೆಯ ಕೀಲಿ ಕೊಡುವುದೆಂದೂ ಮಾತಾಗಿತ್ತು. ನಾನು ಯಂತ್ರಗಳನ್ನು ಎಬ್ಬಿಸುತ್ತೇನೆ, ನೀವು ಹೋಗಿ ಮುಂದೆ ನಿಲ್ಲಿರಿ ಎಂದು ಅವರನ್ನು ನಾನೇ ಕಳಿಸಿದೆ.

ನಾಲ್ಕು ಎದ್ದವು. ಕಾಟಾದ್ದು ಏಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ಎರಡನೆಯ ಡಿಸ್ಕು ಕಾಣುತ್ತಿಲ್ಲ ಎಂಬ ಸಾಲು. ಓದಿದ ಕೂಡಲೇ ನನಗೆ ಭೋಗಿಯ ಬಸ್ಸು ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಕಾಟಾದವನ ಫೋನು, "ಮೇಡಮ್ಮರ, ಗಾಡಿ ಬಂದು ನಿಂತೈತ್ರಿ, ಕಾಟಾ ಯಾಕ ಏಳವಲ್ದು?"

ಹಂಗಾಮಿನ ಮೊದಲ ಗಾಡಿಗೆ ನಮ್ಮಲ್ಲಿ ದೊಡ್ಡ ಮರ್ಯಾದೆ. ಎತ್ತುಗಳ ಕೋಡಿಗೆ ಬಣ್ಣ, ಕಬ್ಬಿಗೆ ಹೂವಿನ ಹಾರ, ಕಾಟಾದ ಮೇಲೆ ನಿಲ್ಲಿಸಿ ಕಾಯಿ ಒಡೆದು, ಕಾರ್ಖಾನೆಯ ಅಧ್ಯಕ್ಷರೇ ನಿಂತು ತೂಗಿಸಬೇಕು. ಕಾಯಿ ಒಡೆದ ಮೇಲೆ ಆ ಗಾಡಿ ತೂಕವಾಗದೆ ಕೆಳಗಿಳಿಯಬಾರದು, ಅಪಶಕುನ ಎನ್ನುತ್ತಾರೆ. ಅಂದು ಕಾಯಿ ಒಡೆದಿದ್ದರು.

ಆಗಲೇ ಓಡಿಹೋಗಿ ಅಕ್ಕೋರನ್ನು ಕರೆದಿದ್ದರೆ ಹತ್ತು ನಿಮಿಷದ ಕೆಲಸವಾಗಿತ್ತು. ಕರೆಯಲಿಲ್ಲ. ಯಾರಿಗೂ ಗೊತ್ತಾಗುವ ಮುಂಚೆ ನಾನೇ ಸರಿಮಾಡಿಬಿಡುತ್ತೇನೆ ಎಂಬ ಹಟ. ಡಿಸ್ಕು ಜೋಡಿಸಿದೆ, ಒಳಮಷೀನು ಸಿಕ್ಕಿಕೊಂಡೇ ಇತ್ತು, ನಿಲ್ಲಿಸಿ ಎಬ್ಬಿಸಿದೆ. ಡಿಸ್ಕು ಮತ್ತೆ ಮಾಯ. ಮತ್ತೆ ಜೋಡಿಸಿದೆ, ಮತ್ತೆ ನಿಲ್ಲಿಸಿ ಎಬ್ಬಿಸಿದೆ. ಮತ್ತೆ ಮಾಯ. ಗಾಬರಿಯಲ್ಲಿ ಪ್ರತಿ ಸಲವೂ ಬರೆಯುವುದನ್ನೇ ಬಿಟ್ಟಿದ್ದೆ. ಹೊರಗೆ ವಾದ್ಯದವರು ಬಾರಿಸಿ ಬಾರಿಸಿ ನಿಲ್ಲಿಸಿದರು. ಎತ್ತುಗಳು ಕಾಟಾದ ಮೇಲೆ ಸಗಣಿ ಹಾಕಿದವು. ಹೀಗೆ ಒಂದೂವರೆ ತಾಸು ಹೋಯಿತು...

ಕೊನೆಗೆ ಅಕ್ಕೋರೇ ಬಂದರು. ಪರದೆ ನೋಡಿದರು, ನನ್ನ ಮುಖ ನೋಡಿದರು. ನೋಟ್‌ಬುಕ್ ತೆಗೆದು ಪುಟ ಹುಡುಕಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಡಿಸ್ಕಿನ ಹೆಸರು ನೋಡುತ್ತಿದ್ದಾರೆ ಅಂದುಕೊಂಡೆ. ಹಾಗೇ ಅಂದುಕೊಳ್ಳಬೇಕೆಂದು ನನಗೆ ಆಸೆಯಿತ್ತು. ಆಮೇಲೆ ಡಬ್ಬಿ ತೆಗೆದು ಬೆರಳಿಗೆ ವಿಭೂತಿ ಹಚ್ಚಿಕೊಂಡರು. ಮೊದಲು ಫೈಲಿನಲ್ಲಿ ಬರೆದರು, ಆಮೇಲೆ ಎಬ್ಬಿಸಿದರು. ಎದ್ದಿತು. "ಕಾಟಾದಾಂವ್ಗ ಸುರು ಮಾಡು ಅಂತ ಹೇಳಿ ಬಾ, ಹೋಗು," ಎಂದು ನನ್ನನ್ನು ಹೊರಗೆ ಕಳಿಸಿದರು. ಫೋನು ಕೈಯಳತೆಯಲ್ಲೇ ಇತ್ತು. ಆದರೂ ನಾನು ಹೋದೆ.

ತಿರುಗಿ ಬರುವಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಅವರ ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. "ಯಾರ ಕೈಲೆ ಆತು ಇದು?" ಎಂದು ಕೇಳಿದರು.

"ನನ್ನ ಕೈಲೇರಿ. ಹ್ವಾದ ಹಂಗಾಮಿನ್ಯಾಗ ಡಿಸ್ಕ್ ಹಚ್ಚಿ ಬರಿಯೂದ ಮರತೆನ್ರಿ," ಅಂದರು ಅಕ್ಕೋರು.

ಸಾಹೇಬರು ನೋಟ್‌ಬುಕ್ ಕೇಳಿದರು. ಅಕ್ಕೋರು ಕೊಟ್ಟರು. ಸಾಹೇಬರು ನಿಂತಲ್ಲೇ ಹಾಳೆ ತಿರುವತೊಡಗಿದರು. ಅದರಲ್ಲಿ ನನ್ನ ಟಿಕ್ ಇದೆ. ಅಕ್ಕೋರ ಟಿಕ್ ನೀಟಾಗಿ ಸಣ್ಣದು, ನನ್ನದು ಬಾಲ ಎಳೆದ ಉದ್ದದ್ದು, ಕುರುಡನಿಗೂ ವ್ಯತ್ಯಾಸ ತಿಳಿಯುತ್ತದೆ. ಈಗ ಸಿಕ್ಕಿಬಿದ್ದೆ, ಈಗ ಸಿಕ್ಕಿಬಿದ್ದೆ ಎಂದು ಅವರ ಬೆರಳನ್ನೇ ನೋಡುತ್ತ ನಿಂತೆ. ಅವರು ಕೊನೆಯ ತನಕ ತಿರುವಿ, ಮುಚ್ಚಿ, ಬಗಲಲ್ಲಿ ಇಟ್ಟುಕೊಂಡು ಹೋದರು. ಅವರ ಕಣ್ಣಿಗೆ ಬೀಳಲಿಲ್ಲ, ನನ್ನ ಪುಣ್ಯ ಅಂದುಕೊಂಡೆ. ಬಾಯಿ ಬಿಡಲು ಆಗ ನನಗೆ ಬೇಕಾದಷ್ಟು ಹೊತ್ತಿತ್ತು. ಬಿಡಲಿಲ್ಲ. ನೋಟ್‌ಬುಕ್ ತಿರುಗಿ ಬರಲೇ ಇಲ್ಲ.

ಅಂದು ಆದೇಶವನ್ನು ಕೊಡಲಿಲ್ಲ. ಮುಂದಿನ ವರ್ಷ ನೋಡೋಣ ಎಂದರು. ಅಕ್ಕೋರು ಆ ಹಂಗಾಮು ಮುಗಿಯುವ ತನಕ ಎಂದಿನಂತೆ ಬಂದರು, ಎಂದಿನಂತೆ ಕಲಿಸಿದರು. ಬುತ್ತಿ ತಿನ್ನಲು ಮಾತ್ರ ಬೇವಿನ ಗಿಡದ ಕಡೆ ಹೋಗಲಿಲ್ಲ. ಕೋಣೆಯಲ್ಲೇ ಉಂಡೆವು. ಹಂಗಾಮು ಮುಗಿದ ಮೇಲೆ ಅವರಿಗೆ ಹೊಸ ಚೀಟಿ ಬರಲಿಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲದವರನ್ನು ತೆಗೆಯಲು ಕಾಗದವೂ ಬೇಕಾಗುವುದಿಲ್ಲ. ಹದಿಮೂರು ವರ್ಷದ ಮೇಲೆ ಒಂದು ಕೈಚೀಲ ಹಿಡಿದು ಹೋದರು. ಡಬ್ಬಿ ಕೇಳಿದ್ದಕ್ಕೆ, ಎಲ್ಲೋ ಬಿದ್ದೈತಿ ಬಿಡು ಅಂದಿದ್ದರು.

ಆಮೇಲೆ ಆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಇಂಥ ಕೋಣೆಗೆ ಕಾಯಂ ಮನುಷ್ಯರೇ ಬೇಕು ಎಂದು ಆಡಳಿತದವರಿಗೆ ಆಗ ಜ್ಞಾನೋದಯವಾಯಿತು. ವರ್ಷದೊಳಗೆ ನನ್ನನ್ನು ಕಾಯಂ ಮಾಡಿದರು. ಕೊನೆಯ ಸಾಲಿನ ಮನೆಯ ಕೀಲಿ ನನ್ನ ಕೈಗೆ ಬಂತು. ಬೇಡ ಎನ್ನಬಹುದಿತ್ತು. ಮಗಳಿಗೆ ಮುಧೋಳದ ಸಾಲಿ ಹತ್ತಿರವಾಗುತ್ತದೆ, ಗಂಡನಿಗೂ ಬೀಳಗಿಯ ಅಂಗಡಿಗೆ ಹೋಗಿಬರಲು ಬಸ್ಸಿದೆ ಎಂದು ಹೇಳಿಕೊಂಡು ಒಳಗೆ ಹೋದೆ.

ಒಮ್ಮೆ, ಒಂದೇ ಒಂದು ಸಲ, ಎಲ್ಲ ಹೇಳಿಬಿಡಬೇಕೆಂದು ರಬಕವಿಗೆ ಹೋದೆ. ಅವರ ಓಣಿಯಲ್ಲಿ ಪವರ್‌ಲೂಮಿನ ಸದ್ದು, ಗಂಜಿಯ ವಾಸನೆ. ಅಕ್ಕೋರು ಪಡಸಾಲೆಯಲ್ಲಿ ಕೂತು ಹಾಸು ಕೆಚ್ಚುತ್ತಿದ್ದರು, ಪಕ್ಕದಲ್ಲಿ ಒಂದು ಬಟ್ಟಲು ಬೂದಿ. ಇನ್ನೂ ಸಣಕಲಾಗಿದ್ದರು. ಆಗಲೇ ಬೇನೆ ಇತ್ತು ಎಂದು ಆಮೇಲೆ ತಿಳಿಯಿತು. ಕೆಲಸ ನಿಲ್ಲಿಸದೆ ಮಾತಾಡಿದರು, ಹೊಸ ಸರ್ವರ್ ಬರುವುದೇ, ಒಳಮಷೀನುಗಳನ್ನು ನಿಲ್ಲಿಸದೆಯೇ ಅದಕ್ಕೆ ದಾಟಿಸುವುದನ್ನು ಕಲಿತೆಯಾ ಎಂದೆಲ್ಲ ಕೇಳಿದರು. ನಾನು ಅವಕ್ಕೆ ಉತ್ತರ ಕೊಡುತ್ತಲೇ ಹೊತ್ತು ಕಳೆದೆ. ಏಳುವಾಗ ಅಕ್ಕೋರು ಒಳಗಿನಿಂದ ಒಂದು ಕಾಗದದ ಗಂಟು ತಂದು ಕೊಟ್ಟರು. ನೀಲಿ ಗೆರೆಯ ಪಡದೆ.

"ಅದ ಕಿಡಕಿ ಅಳತಿದು. ಬ್ಯಾರೆ ಯಾವ ಮನಿಗೂ ಹೊಂದೂದಿಲ್ಲ," ಅಂದರು.

ನಾನು ಅದನ್ನು ತೆಗೆದುಕೊಂಡು ಬಂದೆ. ಹೇಳಬೇಕೆಂದಿದ್ದ ಮಾತು ಹೇಳಲಿಲ್ಲ. ಬನಹಟ್ಟಿ ದಾಟುವ ತನಕ ಬಸ್ಸಿನಲ್ಲಿ ಅಳುತ್ತ, ಅವರಿಗೆ ನಿಜ ಗೊತ್ತಿಲ್ಲ, ತಾವೇ ಮರೆತದ್ದು ಅಂದುಕೊಂಡಿದ್ದಾರೆ, ಈಗ ಹೇಳಿ ಅವರ ಮನಸ್ಸು ಯಾಕೆ ನೋಯಿಸಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನದ ಮೇಲೆ ನಾನು ಇಷ್ಟು ವರ್ಷ ಉಂಡಿದ್ದೇನೆ, ಮಲಗಿದ್ದೇನೆ. ಎರಡು ವರ್ಷದ ಹಿಂದೆ ಅಕ್ಕೋರು ತೀರಿಕೊಂಡರು. ಕಾಟಾದವನು ಒಂದು ವಾರದ ಮೇಲೆ ಬಂದು ಹೇಳಿದ. ಅವರ ಮಣ್ಣಿಗೂ ನನಗೆ ಹೋಗಲಾಗಲಿಲ್ಲ.

ಗುಜರಿಯವನಿಂದ ಕಸಿದುಕೊಂಡ ಡಬ್ಬಿಯನ್ನು ಆ ದಿನ ಸಂಜೆ ಮನೆಗೆ ತಂದೆ. ಕಿಡಕಿಯ ಹತ್ತಿರ ಕೂತು, ವಿಭೂತಿಯನ್ನು ದೇವರ ಜಗಲಿಯ ಬಟ್ಟಲಿಗೆ ಹಾಕೋಣವೆಂದು ಮೆಲ್ಲಗೆ ಸುರುವಿದೆ. ಅರ್ಧ ಬಿತ್ತು, ಉಳಿದದ್ದು ಬೀಳಲಿಲ್ಲ. ಕೆಳಗೆ ಮಡಚಿ ತುರುಕಿದ ಕಾಗದವೊಂದಿತ್ತು. ಬಿಚ್ಚಿದೆ. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆ, ಒಂದು ಅಂಚು ಹರಿದದ್ದು. ನಡುವೆ ಭೋಗಿಯ ದಿನದ ಸಾಲು. 'ಕೊಟ್ಟಾತು' ಎಂಬ ಮನೆಯಲ್ಲಿ ಅಕ್ಕೋರ ಸಣ್ಣ ಟಿಕ್. 'ಬರದಾತು' ಎಂಬ ಮನೆಯಲ್ಲಿ ನನ್ನದು, ಬಾಲ ಎಳೆದದ್ದು. ಅದರ ಕೆಳಗೆ, ಆ ಸಣ್ಣ ಮನೆಯಲ್ಲೇ ಹಿಡಿಸುವ ಹಾಗೆ, ಅಕ್ಕೋರ ಅಕ್ಷರದಲ್ಲಿ 'ಈಗ ಬರದಾತು' ಎಂದು ಇತ್ತು.

ನಾನು ಕಾಟಾದವನಿಗೆ ಹೇಳಲು ಹೋದ ಆ ಐದು ನಿಮಿಷದಲ್ಲಿ ಹರಿದು ಬಚ್ಚಿಟ್ಟದ್ದು. ಸಾಹೇಬರು ಪುಟ ತಿರುವಿದಾಗ ಅದು ಅಲ್ಲಿ ಇರಲೇ ಇಲ್ಲ. ನನ್ನ ಪುಣ್ಯವೂ ಅಲ್ಲ, ಏನೂ ಅಲ್ಲ. ಅವರಿಗೆ ಗೊತ್ತಿತ್ತು. ಪುಟದ ಮೇಲೆ ಬೆರಳಿಟ್ಟು ನಿಂತ ಆ ಗಳಿಗೆಯಿಂದಲೇ ಗೊತ್ತಿತ್ತು. ಆಮೇಲಿನ ಒಂದು ಹಂಗಾಮು ನನ್ನ ಪಕ್ಕ ಕೂತು ಉಣ್ಣುವಾಗ ಗೊತ್ತಿತ್ತು, ಪಡದೆ ಕೈಗೆ ಕೊಡುವಾಗಲೂ ಗೊತ್ತಿತ್ತು. ನಾನು ಹೇಳುತ್ತೇನೇನೋ ಎಂದು ಆ ದಿನ ಪಡಸಾಲೆಯಲ್ಲಿ ಕಾದಿದ್ದರೇನೋ... ಇನ್ನು ಯಾರನ್ನು ಕೇಳಲಿ?

ಅಕ್ಕೋರು ಕೊಟ್ಟದ್ದು ಕಾರ್ಖಾನೆಯ ಯಾವ ಪುಸ್ತಕದಲ್ಲೂ ಇಲ್ಲ. ಅವರನ್ನು ಕಂಡವರೂ ಒಬ್ಬೊಬ್ಬರೇ ನಿವೃತ್ತರಾಗುತ್ತಿದ್ದಾರೆ. ಹಳೆಯ ಸರ್ವರ್ ಯಂತ್ರವೂ ಗುಜರಿಗೆ ಹೋಯಿತು. ಇದರ ಒಂದು ಪ್ರತಿಯನ್ನು, ಹರಿದ ಹಾಳೆಯ ಜೊತೆಗೆ, ನಾಳೆ ಆಫೀಸಿಗೆ ಕೊಡುತ್ತೇನೆ. ಅವರು ಏನು ಬೇಕಾದರೂ ಮಾಡಲಿ, ಈ ಮನೆಯ ಕೀಲಿ ಕೇಳಿದರೆ ಅದನ್ನೂ ಕೊಡುತ್ತೇನೆ. ಎಂಟು ವರ್ಷ ಮುಂಚೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಪಡದೆಯ ನೀಲಿ ಗೆರೆ ಬಿಸಿಲಿಗೆ ಮಾಸಿದೆ. ಅದರ ಕೆಳಗೆ ಕೂತು ಬರೆದು ಮುಗಿಸುವ ಹೊತ್ತಿಗೆ ಬೆರಳಿಗೆಲ್ಲ ವಿಭೂತಿ ಅಂಟಿದೆ, ಒರೆಸಿಕೊಳ್ಳಲು ಮನಸ್ಸಾಗುತ್ತಿಲ್ಲ.

ಅಕ್ಕೋರ, ಈಗ ಬರದೇನ್ರಿ.